ಹಳೆಯ ಚಾಲಕನನ್ನು ಮರಳಿ ಸೇರಿಸುವ ಕುರಿತು

ಮಣ್ಣಿನ ಮಾಹಿತಿ ಕೇಂದ್ರದ ಮೇಲ್ವಿಚಾರಣಾಧಿಕಾರಿಗಳಿಗೆ,

ಮಾನ್ಯರೇ,

ನಿಮ್ಮ ಕಚೇರಿಯ ಕಂಪ್ಯೂಟರ್ ಚಾಲೂ ಆಗಲಿಲ್ಲವೆಂದು ನೀವು ಜೀಪಿನ ಡ್ರೈವರ್ ಬಾಬುಸಾಬರನ್ನು ಕೆಲಸದಿಂದ ತೆಗೆದಿದ್ದೀರಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುವುದನ್ನು ನಾನು ಇಷ್ಟು ದಿನ ಬರೀ ಗಾದೆಯೆಂದು ತಿಳಿದಿದ್ದೆ. ಅದು ನಿಮ್ಮ ಕಚೇರಿಯ ಕಾರ್ಯವಿಧಾನ ಎಂಬುದು ಈಗ ತಿಳಿಯಿತು. ಬರೆ ಹಾಕುವ ಕಬ್ಬಿಣವನ್ನು ಕಾಯಿಸಿ ನಿಮ್ಮ ಕೈಗೆ ಕೊಟ್ಟವಳು ನಾನೇ ಆದ್ದರಿಂದ ಈ ಬಹಿರಂಗ ಪತ್ರವನ್ನೂ ನಾನೇ ಬರೆಯಬೇಕಾಗಿದೆ.

ನಾನು ರೋಣದ ಬಸ್ ಸ್ಟ್ಯಾಂಡಿನ ಎದುರಿಗೆ ಹದಿನಾಲ್ಕು ವರ್ಷದಿಂದ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದೇನೆ. ನರಗುಂದದ ಹತ್ತಿ ವ್ಯಾಪಾರಿಗಳದ್ದು, ಗಜೇಂದ್ರಗಡದ ನೇಕಾರರ ಮಕ್ಕಳದ್ದು, ಎಲ್ಲರ ಯಂತ್ರಗಳೂ ಒಂದಲ್ಲ ಒಂದು ದಿನ ನನ್ನ ಮೇಜಿನ ಮೇಲೆ ಹೊಟ್ಟೆ ಬಿಚ್ಚಿಕೊಂಡು ಮಲಗಿವೆ. ಕಳೆದ ತಿಂಗಳು ನಿಮ್ಮ ಕಚೇರಿಯಿಂದಲೂ ಕರೆ ಬಂತು. ಎಲ್ಲ ಯಂತ್ರಗಳ ಡ್ರೈವರುಗಳನ್ನು ಗುರುವಾರದೊಳಗೆ ಹೊಸದು ಮಾಡಿಕೊಳ್ಳಬೇಕೆಂದು ಮೇಲಿನಿಂದ ಸುತ್ತೋಲೆ ಬಂದಿತ್ತಂತೆ. ನಿಮ್ಮ ಗುಮಾಸ್ತರಾದ ಶಿವನಪ್ಪನವರು ಪರದೆಯ ಮೇಲೆ ಬಂದ ಪ್ರಶ್ನೆಗಳಿಗೆಲ್ಲ, ಮೇಲಧಿಕಾರಿಗಳಿಗೆ ಹೇಳುವಂತೆಯೇ, ಓದದೆ 'ಹೌದು' ಎಂದು ಒತ್ತಿದರು. ಯಂತ್ರ ಆರಿತು, ಹತ್ತಿತು, ನೀಲಿ ಪರದೆ ತೋರಿಸಿ ಮತ್ತೆ ಆರಿತು. ನಾನು ಹೋದಾಗಲೂ ಅದನ್ನೇ ಮಾಡುತ್ತಿತ್ತು.

ಇಲ್ಲಿ ನಿಮಗಾಗಿ ಒಂದು ವಿವರಣೆ ಕೊಡುತ್ತೇನೆ, ದಯವಿಟ್ಟು ನಿಧಾನಕ್ಕೆ ಓದಿಕೊಳ್ಳಿ. ಕಂಪ್ಯೂಟರಿನಲ್ಲಿ ಡ್ರೈವರ್ ಎಂದರೆ ಅದರ ಒಂದೊಂದು ಭಾಗವನ್ನು ನಡೆಸುವ ಸಣ್ಣ ತಂತ್ರಾಂಶ. ಪರದೆಗೊಂದು, ಪ್ರಿಂಟರಿಗೊಂದು ಇರುತ್ತದೆ. ಅದಕ್ಕೆ ಲೈಸೆನ್ಸ್ ಬೇಕಿಲ್ಲ, ಖಾಕಿ ಅಂಗಿ ಬೇಕಿಲ್ಲ, ಮಧ್ಯಾಹ್ನ ಜೀಪಿನ ನೆರಳಿನಲ್ಲಿ ಕೂತು ರೊಟ್ಟಿಯ ಗಂಟು ಬಿಚ್ಚುವ ರೂಢಿಯೂ ಅದಕ್ಕಿಲ್ಲ. ನಿಮ್ಮ ಯಂತ್ರದಲ್ಲಿ ಕೆಟ್ಟದ್ದು ಪರದೆಯ ಹೊಸ ಡ್ರೈವರ್. ಯಂತ್ರ ಹತ್ತುವಾಗ ಮೂರು ಸಲ ಬೇಕೆಂದೇ ಆರಿಸಿದರೆ ದುರಸ್ತಿಯ ಪರದೆ ಬರುತ್ತದೆ. ಅಲ್ಲಿಂದ ಸೇಫ್ ಮೋಡಿಗೆ, ಅಂದರೆ ಅತಿ ಅವಶ್ಯವಾದದ್ದನ್ನು ಮಾತ್ರ ಇಟ್ಟುಕೊಂಡು ನಡೆಯುವ ಸ್ಥಿತಿಗೆ ಹೋಗಿ, ಹೊಸ ಡ್ರೈವರನ್ನು ತೆಗೆದು ಹಳೆಯದನ್ನು ಮರಳಿ ಹಾಕಬೇಕು. ಇಪ್ಪತ್ತು ನಿಮಿಷದ ಕೆಲಸ. ಒಂದು ಕಡತವೂ ಹಾಳಾಗುವುದಿಲ್ಲ.

ಆದರೆ ನೀವು ಯಂತ್ರ ಮುಟ್ಟಗೊಡಲಿಲ್ಲ. ಮೊದಲು ಲಿಖಿತ ವರದಿ, ಆಮೇಲೆ ಅನುಮೋದನೆ, ಆಮೇಲೆ ದುರಸ್ತಿ ಎಂದಿರಿ. ಬರೆದುಕೊಟ್ಟೆ. ಮರುದಿನ ಅದು ಕೆಂಪು ಗೆರೆ ಹೊತ್ತು ನನ್ನ ಅಂಗಡಿಗೆ ವಾಪಸ್ ಬಂತು. 'ಡ್ರೈವರ್' ಎಂಬಲ್ಲೆಲ್ಲ ಗೆರೆ, ಬದಿಯಲ್ಲಿ 'ಆಂಗ್ಲ ಪದ ಸಲ್ಲದು, ಆಡಳಿತ ಭಾಷೆಯಲ್ಲಿ ಬರೆಯುವುದು' ಎಂಬ ಷರಾ. ನನಗೆ ಸಿಟ್ಟು ಬಂತು. ನಿಮಗೆ ಕನ್ನಡ ಬೇಕೇ, ತಗೊಳ್ಳಿ ಕನ್ನಡ ಎಂದುಕೊಂಡು, ಬರೆಯುವಾಗ ಒಳಗೊಳಗೆ ನಗುತ್ತ, ಹೀಗೆ ಬರೆದೆ: 'ಹೊಸ ಚಾಲಕವು ದೋಷಪೂರಿತವಾಗಿದೆ. ಸದರಿ ಚಾಲಕವನ್ನು ತೆಗೆದುಹಾಕಿ, ಹಳೆಯ ಚಾಲಕವನ್ನು ಮರಳಿ ಸೇರಿಸಿದಲ್ಲಿ ಯಂತ್ರವು ಚಾಲನೆಗೊಳ್ಳುವುದು.' ನಾನು 'ಚಾಲಕವನ್ನು' ಎಂದು ಬರೆದದ್ದನ್ನು ನಿಮ್ಮ ಕಚೇರಿಯಲ್ಲಿ ಯಾರೋ ವ್ಯಾಕರಣ ಬಲ್ಲವರು 'ಚಾಲಕನನ್ನು' ಎಂದು ತಿದ್ದಿದರು. ನೀವು ಸಹಿ ಹಾಕಿದಿರಿ.

ಅದಾದ ನಾಲ್ಕನೆಯ ದಿನ ಬಾಬುಸಾಬರು ನನ್ನ ಅಂಗಡಿಯ ಮೆಟ್ಟಿಲ ಮೇಲೆ ನಿಂತಿದ್ದರು. ಕೈಯಲ್ಲಿ ನಿಮ್ಮ ಕೈಬರಹದ ಆದೇಶ. ಒಂಬತ್ತು ವರ್ಷ ನಿಮ್ಮ ಜೀಪು ಓಡಿಸಿದವರು, ಅಬ್ಬಿಗೇರಿಯಿಂದ ಇಟಗಿಯವರೆಗೆ ಹೊಲಹೊಲಕ್ಕೆ ಹೋಗಿ ಮಣ್ಣಿನ ಚೀಲ ಹೊತ್ತು ತಂದವರು. ಮಳೆಯಾದ ಮೇಲೆ ಎರೆಮಣ್ಣಿನ ದಾರಿಯಲ್ಲಿ ಗಾಲಿ ಹೂತುಹೋದರೆ ನೀವು ಒಳಗೇ ಕೂತಿರುತ್ತಿದ್ದಿರಂತೆ, ಕೆಳಗಿಳಿದು ತಳ್ಳುತ್ತಿದ್ದವರು ಅವರಂತೆ. ಇದನ್ನು ಅವರು ಹೇಳಲಿಲ್ಲ, ಊರು ಹೇಳುತ್ತದೆ.

"ಅಕ್ಕಾರ, ಇದನ್ನಷ್ಟು ಓದಿ ಹೇಳ್ರಿ. ಅಕ್ಷರ ತಿಳೀತಾವ, ಮಾತ ತಿಳೀವಲ್ತು," ಎಂದರು.

ಓದಿದೆ. ತಜ್ಞರ ವರದಿಯನ್ವಯ, ದೋಷಪೂರಿತ ಹೊಸ ಚಾಲಕನನ್ನು ತಕ್ಷಣದಿಂದ ಜಾರಿಗೆ ಬರುವಂತೆ ತೆಗೆದುಹಾಕಲಾಗಿದೆ ಎಂದಿತ್ತು.

"ಒಂಬತ್ ವರ್ಷ ಆತ್ರಿ. ನಾ ಹ್ಯಾಂಗ ಹೊಸಬ ಆದ್ನಿ? ಖರೇ ಹೇಳ್ತೀನಿ ಅಕ್ಕಾರ, ಆ ಕಂಪ್ಯೂಟರ್ ಖೋಲ್ಯಾಗ ನಾ ಕಾಲ ಇಟ್ಟಿಲ್ಲ. ಚಪ್ಪಲ್ ಕಳೀಬೇಕಂತ ಹೊರಗ ನಿಂದರ್ತಿದ್ನಿ." ಮತ್ತೆ ಕೇಳಿದರು: "ತಜ್ಞರು ಅಂದ್ರ ಯಾರ್ರಿ?"

ಮಾನ್ಯರೇ, ಆ ಆದೇಶವನ್ನು ಮಡಿಸಿ ಅವರ ಕೈಗೆ ಕೊಟ್ಟೆ. "ವಿಚಾರಿಸ್ತೀನಿ ತಡೀರಿ," ಎಂದು ಸುಳ್ಳು ಹೇಳಿದೆ. ಅವರು ನನಗೇ ಕೈ ಮುಗಿದು ಹೋದರು.

ಅದೇ ಮಧ್ಯಾಹ್ನ ನಿಮ್ಮ ಕಚೇರಿಗೆ ಬಂದೆ. ಅಲ್ಲಿ ಕಂಡದ್ದನ್ನು ಹೇಳಿದರೆ ಓದುಗರು ನನ್ನ ತಲೆ ಕೆಟ್ಟಿದೆ ಎಂದಾರು. ಹಿಂದಿನ ಡ್ರೈವರ್ ಉಡಚಪ್ಪನವರನ್ನು, ನಿವೃತ್ತಿಯಾಗಿ ಒಂಬತ್ತು ವರ್ಷವಾದ, ಎರಡೂ ಕಣ್ಣಿಗೆ ಪೊರೆ ಬಂದಿರುವ ಹಿರಿಯರನ್ನು, ಮನೆಯಿಂದ ಕರೆಸಿ ಕಂಪ್ಯೂಟರಿನ ಮುಂದೆ ಕೂರಿಸಿದ್ದಿರಿ. ಶಿವನಪ್ಪನವರು ಅವರ ಬೆರಳು ಹಿಡಿದು ಗುಂಡಿಯ ಮೇಲೆ ಇಡುತ್ತಿದ್ದರು. ಉಡಚಪ್ಪನವರು ಒಮ್ಮೆ ಕಣ್ಣು ಮುಚ್ಚಿ ಭೀಮಾಂಬಿಕೆಯನ್ನು ನೆನೆದು ಒತ್ತಿದರು. ನೀಲಿ ಪರದೆ ಬಂತು.

"ನಂಗ ಗಾಡಿನೂ ಕಾಣಂಗಿಲ್ರಿ, ಇದೂ ಕಾಣಂಗಿಲ್ಲ. ಮನಿಗಿ ಬಿಡ್ರಿ ಯಪ್ಪಾ," ಎಂದು ಆ ಹಿರಿಯರು ಅಂಗಲಾಚುತ್ತಿದ್ದರು. ಇಡೀ ಕಚೇರಿಯಲ್ಲಿ ಬುದ್ಧಿಯ ಮಾತಾಡಿದವರು ಅವರೊಬ್ಬರೇ.

ನಾನು ನಿಮಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ನೀವು ಅರ್ಥ ಮಾಡಿಕೊಂಡಿರಿ, ಅದೇ ನನಗೆ ಹೆಚ್ಚು ಹೇಸಿಗೆ ತಂದದ್ದು. ತಿಳಿಯದೆ ಮಾಡಿದ್ದರೆ ದಡ್ಡತನ ಎಂದು ಬಿಡಬಹುದಿತ್ತು. ನಿಮ್ಮ ಮುಖದಲ್ಲಿ ಒಂದು ಕ್ಷಣ ನಗು ಕೂಡ ಬಂತು. ಆಮೇಲೆ ಹೇಳಿದಿರಿ: "ಆದೇಶ ಆಗಿ ಹೋಗೇತ್ರಿ. ಈಗ ತಪ್ಪಾತು ಅಂದ್ರ ಮ್ಯಾಲಿನವ್ರು ನನ್ನ ಕೇಳ್ತಾರ." ಹಾಗಾದರೆ ಬಾಬುಸಾಬರನ್ನು ಮತ್ತೆ ಸೇರಿಸಿಕೊಳ್ಳಿ ಎಂದೆ. ತೆಗೆಯುವ ಆದೇಶವನ್ನು ಕೈಯಲ್ಲಿ ಬರೆಯಬಹುದು, ಸೇರಿಸುವ ಆದೇಶ ಮಾತ್ರ ಕಂಪ್ಯೂಟರಿನಿಂದಲೇ ಹೊರಬರಬೇಕು ಎಂದಿರಿ. ಹಾಗಾದರೆ ಕಂಪ್ಯೂಟರ್ ಸರಿ ಮಾಡಲು ಬಿಡಿ ಎಂದೆ. ವರದಿಯ ಪ್ರಕಾರ ಕ್ರಮ ಜರುಗಿದೆ, ಫಲಿತಾಂಶ ಕಾಯುತ್ತಿದ್ದೇವೆ ಎಂದಿರಿ. ಯಾವ ಫಲಿತಾಂಶ ಮಾನ್ಯರೇ? ಉಡಚಪ್ಪನವರ ಪೊರೆ ಹರಿಯುವುದನ್ನೇ? ಒಬ್ಬ ಮನುಷ್ಯನ ಅನ್ನಕ್ಕಿಂತ ನಿಮ್ಮ ಸಹಿಯ ಮಾನ ದೊಡ್ಡದೇ? ಆ ಸಹಿಯನ್ನು ನಾನು ನೋಡಿದ್ದೇನೆ. ಕೋಳಿ ಕೆದರಿದ ಹಾಗಿದೆ.

ಮೊನ್ನೆ ನನಗೂ ನಿಮ್ಮ ನೋಟಿಸು ಬಂತು. ಹಳೆಯ ಚಾಲಕನನ್ನು ಸೇರಿಸಿ ಹನ್ನೆರಡು ದಿನ ಕಳೆದರೂ ಯಂತ್ರವು ಚಾಲನೆಗೊಳ್ಳದಿರುವುದರಿಂದ, ದಾರಿ ತಪ್ಪಿಸುವ ವರದಿ ನೀಡಿದ್ದೀರೆಂದು ಏಕೆ ಭಾವಿಸಬಾರದು, ಏಳು ದಿನದೊಳಗೆ ಉತ್ತರಿಸಿ ಎಂದಿದೆ. ಇದೇ ನನ್ನ ಉತ್ತರ. ನಾಲ್ಕು ಗೋಡೆಯೊಳಗೆ ಕೊಟ್ಟರೆ ನೀವು ಅದನ್ನೂ ತಿದ್ದಿಬಿಡುತ್ತೀರಿ, ಆದ್ದರಿಂದ ಪತ್ರಿಕೆಯಲ್ಲಿ ಕೊಡುತ್ತಿದ್ದೇನೆ.

ಬಾಬುಸಾಬರು ಈಗ ರೋಣದ ಮಾರುಕಟ್ಟೆಯಲ್ಲಿ ಕಡಲೆ ಚೀಲ ಹೊರುತ್ತಿದ್ದಾರೆ. ಐವತ್ತರ ಬೆನ್ನು, ಚೀಲಕ್ಕೆ ಒಗ್ಗಿಲ್ಲ. ದಾರಿಯಲ್ಲಿ ಸಿಕ್ಕಾಗ ಈಗಲೂ ಕೇಳುತ್ತಾರೆ: "ಆ ತಜ್ಞರು ಸಿಕ್ಕಿದ್ರೇನ್ರಿ ಅಕ್ಕಾರ? ನಾ ಜಗಳಕ್ಕ ಕೇಳವಲ್ಲೆ. ನನ್ನ ಮ್ಯಾಲೆ ಅವ್ರಿಗೇನ್ ಸಿಟ್ಟಿತ್ತು ಅಂತ ಅಷ್ಟ ಕೇಳಬೇಕಾಗೇತಿ." ಪ್ರತಿ ಸಲ ನಾನು ಇನ್ನೂ ಇಲ್ಲ ಎನ್ನುತ್ತೇನೆ. ನಿಮ್ಮನ್ನು ಹೇಡಿ ಎಂದು ಬೈಯಲು ನನಗೆ ಎಷ್ಟು ಹಕ್ಕಿದೆಯೋ ಇದರಿಂದ ನೀವೇ ಲೆಕ್ಕ ಹಾಕಿ.

ನನ್ನ ಬೇಡಿಕೆ ದೊಡ್ಡದಲ್ಲ. ಆ ಯಂತ್ರದ ಮುಂದೆ ನನಗೆ ಇಪ್ಪತ್ತು ನಿಮಿಷ ಕೊಡಿ. ಉಡಚಪ್ಪನವರನ್ನು ಮನೆಗೆ ಬಿಟ್ಟು ಬನ್ನಿ, ಬೇಕಾದರೆ ಜೀಪನ್ನು ನೀವೇ ಓಡಿಸಿಕೊಂಡು ಹೋಗಿ. ಯಂತ್ರ ಹತ್ತಿದ ಕೂಡಲೇ ಅದರಿಂದ ಹೊರಬರುವ ಮೊದಲ ಹಾಳೆ ಬಾಬುಸಾಬರನ್ನು ಸೇರಿಸಿಕೊಳ್ಳುವ ಆದೇಶವಾಗಿರಲಿ. ನನ್ನ ವರದಿಯನ್ನು ಅಕ್ಷರಶಃ ಪಾಲಿಸಿದ್ದೇವೆಂದು ಹೆಮ್ಮೆಪಡುತ್ತೀರಲ್ಲ, ಈಗ ಇದನ್ನೂ ಅಕ್ಷರಶಃ ಪಾಲಿಸಿ: ಹಳೆಯ ಚಾಲಕನನ್ನು ಮರಳಿ ಸೇರಿಸಿ. ಈ ಸಲ 'ಚಾಲಕನನ್ನು' ಎಂದೇ ಬರೆದಿದ್ದೇನೆ, ತಿದ್ದುವ ಶ್ರಮ ಬೇಡ.

ಸ್ವಲ್ಪ ಲಗೂ ಮಾಡಿ. ಮಾರುಕಟ್ಟೆಯ ಚಹಾದಂಗಡಿಯಲ್ಲಿ ಬೆಳಿಗ್ಗೆ ಯಾರಾದರೊಬ್ಬರು ಪೇಪರನ್ನು ಗಟ್ಟಿಯಾಗಿ ಓದುತ್ತಾರೆ, ಬಾಬುಸಾಬರು ಚೀಲ ಇಳಿಸಿ ಕೇಳುತ್ತಾರೆ. ಇದು ಅಚ್ಚಾದ ದಿನ ಅವರ ಪ್ರಶ್ನೆಗೆ ಉತ್ತರ ಸಿಗುತ್ತದೆ. ಅಲ್ಲಿಂದ ನನ್ನ ಅಂಗಡಿಗೆ ಬರೀ ಐದು ನಿಮಿಷದ ದಾರಿ. ಅವರು ಬಂದು ನಿಂತಾಗ ಕೊಡಲು ನನ್ನ ಕೈಯಲ್ಲಿ ನಿಮ್ಮ ಆದೇಶವಾದರೂ ಇರಲಿ.

ಇಂತಿ,
ಬಾಬುಸಾಬರು ಹುಡುಕುತ್ತಿರುವ ತಜ್ಞರು,
ಉಮಾ
ಕಂಪ್ಯೂಟರ್ ರಿಪೇರಿ ಅಂಗಡಿ, ಬಸ್ ಸ್ಟ್ಯಾಂಡ್ ಎದುರು, ರೋಣ