ಆಮೆಚಿಪ್ಪಿನ ಹಿಡಿ

ಮನೆಯಿಂದ,
ಫೆಬ್ರವರಿ ೮, ಗುರುವಾರ

ಏನೂಂದ್ರೆ,

ಹೇಗಿದ್ದೀರಿ? ಕೆಮ್ಮು ಕಡಿಮೆಯಾಗಿದೆ ಎಂದು ಬರೆದಿದ್ದೀರಿ. ನಿಜವಾಗಿ ಕಡಿಮೆಯಾಗಿದೆಯೋ, ಇಲ್ಲ ನನ್ನ ಬಾಯಿ ಮುಚ್ಚಿಸಲು ಬರೆದದ್ದೋ? ಮಲಗುವಾಗ ಬೆನ್ನಿಗೆ ಇನ್ನೊಂದು ದಿಂಬು ಬೇಕೆಂದು ನರ್ಸಮ್ಮನಿಗೆ ಹೇಳಿ ಎಂದಿದ್ದೆ, ಹೇಳಿದಿರಾ? ಹೇಳಿರುವುದಿಲ್ಲ ಬಿಡಿ. ಊರವರ ಕತ್ತರಿ, ಚಾಕುಗಳನ್ನೆಲ್ಲ ಸಾಣೆ ಹಿಡಿದುಕೊಟ್ಟು ‘ಇರ್ಲಿ, ಮುಂದಿನ ಸಲ ನೋಡೋಣ’ ಎನ್ನುವ ಬಾಯಿಗೆ, ತನಗಾಗಿ ಒಂದು ದಿಂಬು ಕೇಳುವುದೆಂದರೆ ಪ್ರಾಣಸಂಕಟ. ಅಮ್ಮ ಹಾಸಿಗೆಯಲ್ಲಿ ಹಾಗೇ ಇದ್ದಾರೆ. ಮಗ್ಗುಲು ಬದಲಿಸಿದರೆ ನೋವು, ಬದಲಿಸದಿದ್ದರೆ ಹುಣ್ಣು. ಅವರನ್ನು ಬಿಟ್ಟು ನಾನು ಹೊಸ್ತಿಲು ದಾಟುವ ಹಾಗಿಲ್ಲ. ‘ಸಾಣೆ ಸದ್ದು ಯಾಕೆ ಕೇಳಿಸ್ತಿಲ್ಲ, ಅವನು ಅಂಗಡಿ ತೆಗೆದಿಲ್ವಾ?’ ಎಂದು ದಿನಾ ಕೇಳುತ್ತಾರೆ. ಚಕ್ರದ ಬೆಲ್ಟು ಹರಿದಿದೆ, ಹೊಸದು ಹಾಕಿಸಲು ಪಟ್ಟಣಕ್ಕೆ ಹೋಗಿದ್ದೀರಿ ಎಂದು ಹೇಳಿದ್ದೇನೆ. ಒಂದು ಬೆಲ್ಟು ಹಾಕಿಸಲು ಇಷ್ಟು ದಿನ ಬೇಕೇ ಎಂದು ನಿಮಗೆ ಸೋಮಾರಿಯ ಪಟ್ಟ ಕಟ್ಟಿದ್ದಾರೆ. ಬೈಯಲಿ, ಬೈಯುವಷ್ಟು ಶಕ್ತಿಯಾದರೂ ಉಳಿದಿದೆಯಲ್ಲ. ಆ ಸಾಣೆಕಲ್ಲಿನ ಧೂಳೇ ಮಗನ ಎದೆಯಲ್ಲಿ ಕೂತಿದೆ ಎಂದು ಅವರಿಗೆ ಯಾವ ಬಾಯಲ್ಲಿ ಹೇಳಲಿ?

ಸೋಮವಾರ ಆಪರೇಷನ್ ಎಂದು ಬರೆದ ನಿಮ್ಮ ಕಾಗದ ತಲುಪಿತು. ಶ್ವಾಸಕೋಶದ ಒಂದು ಭಾಗ ತೆಗೆದುಹಾಕುತ್ತಾರಂತೆ, ಆಮೇಲೆ ನೋಡಬೇಕಂತೆ. ದೊಡ್ಡ ಡಾಕ್ಟರು ಹೇಳಿದ ಈ ಮಾತನ್ನು ನೀವು ಪಕ್ಕದ ಮನೆಯವರ ಸುದ್ದಿಯಂತೆ ಒಂದೇ ಸಾಲಿನಲ್ಲಿ ಬರೆದು ಮುಗಿಸಿದ್ದೀರಿ. ‘ಆಮೇಲೆ ನೋಡಬೇಕು’ ಎಂಬುದನ್ನು ಓದಿ ಓದಿ ನನ್ನ ಕಣ್ಣು ಉರಿಯುತ್ತಿದೆ. ಲಕೋಟೆಯೊಳಗೆ ನಿಮ್ಮ ಚಾಕು ಪೆಟ್ಟಿಗೆಯ ಬೀಗದ ಕೈ ಇತ್ತು. ಆಂಬುಲೆನ್ಸಿನಲ್ಲಿ ನಿಮ್ಮನ್ನು ಕರೆದೊಯ್ದಾಗ ಅದು ನಿಮ್ಮ ಸೊಂಟದ ದಾರದಲ್ಲೇ ಹೋಗಿತ್ತು. ಅಲ್ಲಿಂದ ಈಚೆಗೆ ಪೆಟ್ಟಿಗೆಯನ್ನು ಯಾರೂ ತೆಗೆದಿರಲಿಲ್ಲ. ‘ಮೂಳೆ ಹಿಡಿಯ ಸಣ್ಣ ಚಾಕು ಕಳಿಸು. ಬಿಚ್ಚೋದಿಲ್ಲ, ಬರೀ ಮುಷ್ಟೀಲಿ ಇಟ್ಕೊಂಡು ಮಲಗ್ತೀನಿ’ ಎಂದಿದ್ದೀರಿ. ನಿಮ್ಮಪ್ಪ ಸಾಯುವ ಮುಂಚೆ ನಿಮ್ಮ ಕೈಗೆ ಕೊಟ್ಟದ್ದು ಅದು. ಇಷ್ಟು ವರ್ಷ ಸಂಸಾರ ಮಾಡಿ ನೀವು ನನ್ನನ್ನು ಬಾಯಿಬಿಟ್ಟು ಏನಾದರೂ ಕೇಳಿದ್ದೇ ಅಪರೂಪ. ಕೇಳಿದ ಈ ಒಂದನ್ನೂ ನೆಟ್ಟಗೆ ಕೊಡಲಾಗುತ್ತಿಲ್ಲ. ಅದನ್ನು ಹೇಳಲೆಂದೇ ಕೂತಿದ್ದೇನೆ, ಆದರೆ ಕೈ ಓಡುತ್ತಿಲ್ಲ.

ಮನಸ್ಸು ಗಟ್ಟಿ ಮಾಡಿಕೊಂಡು ಓದಿ. ಪೆಟ್ಟಿಗೆಯ ಮುಚ್ಚಳ ಎತ್ತಿದ ಕೂಡಲೇ ಕರ್ಪೂರಕ್ಕೆ ಹುಳಿ ಬೆರೆಸಿದಂಥ ವಾಸನೆ ಮೂಗಿಗೆ ಹೊಡೆಯಿತು. ನಿಮ್ಮ ಮಡಚು ಚಾಕುಗಳೆಲ್ಲ ಹಾಳಾಗಿವೆ. ಕೊಂಬಿನ ಹಿಡಿಯದು, ಎರಡು ಅಲಗಿನದು, ತೋಟದವರ ಬಾಗಿದ ಚಾಕು, ಹಡಗಿನವರ ಮೊಂಡು ಮೂತಿಯದು, ಯಾವುದೂ ಉಳಿದಿಲ್ಲ. ಅಲಗುಗಳ ಮೇಲೆ ತುಕ್ಕು ಗುಳಿಬಿದ್ದಿದೆ, ಹಿತ್ತಾಳೆಯ ಪಟ್ಟಿಗಳಲ್ಲಿ ಹಸಿರು ಕಿಲುಬು ಬೆಳೆದು ಕೆಳಗಿನ ಬಟ್ಟೆಗೆ ಅಂಟಿಕೊಂಡಿದೆ. ನಿಮ್ಮ ಸಣ್ಣ ಚಾಕುವಿನ ಸ್ಪ್ರಿಂಗು ಮುರಿದಿದೆ. ಅಲಗು ಒಳಗೇ ಕಚ್ಚಿಕೊಂಡಿದೆ; ಉಗುರು ಹಾಕಿ ಎಳೆದೆ, ನನ್ನ ಉಗುರು ಮುರಿಯಿತೇ ಹೊರತು ಅದು ಅಲುಗಲಿಲ್ಲ. ನಟ್ಟನಡುವೆ, ನಿಮ್ಮನ್ನು ಅಣ್ಣ ಎನ್ನುತ್ತಲೇ ನನಗೆ ಮೈದುನನಾದ ಕಟಿಂಗ್ ಅಂಗಡಿಯವನು ಕೊಟ್ಟ ಆಮೆಚಿಪ್ಪಿನ ಹಿಡಿಯ ಚಾಕು ಇತ್ತು. ಅದರ ಹಿಡಿ ಬಿರುಕುಬಿಟ್ಟು ಪುಡಿಪುಡಿಯಾಗಿತ್ತು. ಕಳ್ಳತನವಾಗಿದ್ದರೆ ಕಳ್ಳನಿಗೆ ಹಿಡಿಶಾಪ ಹಾಕಬಹುದಿತ್ತು. ಬೀಗ ಹಾಕಿದ ಪೆಟ್ಟಿಗೆಯೊಳಗೆ ಹೀಗಾದರೆ ಯಾರನ್ನು ಬೈಯುವುದು? ನೆಲದ ಮೇಲೆ ಕೂತು ಅತ್ತೆ. ಅಮ್ಮನಿಗೆ ಕೇಳಿಸದಿರಲೆಂದು ಸೆರಗು ಬಾಯಿಗೆ ತುರುಕಿಕೊಂಡಿದ್ದೆ.

ಭಾನುವಾರ ಎಂದಿನಂತೆ ನಿಮ್ಮ ಚಾಕು ಬಳಗದ ಮೂವರು ಬಂದರು. ನೀವಿಲ್ಲದಿದ್ದರೂ ಅವರು ಭಾನುವಾರ ತಪ್ಪಿಸಿಲ್ಲ. ಬೈಂಡಿಂಗ್ ಮೇಷ್ಟ್ರು ನೀರು ಹೊತ್ತು ಹಾಕುತ್ತಾರೆ, ದರ್ಜಿ ಅಕ್ಕ ಅಮ್ಮನ ತಲೆ ಬಾಚುತ್ತಾಳೆ, ಕಟಿಂಗ್ ಮೈದುನ ನಾನು ಬೇಡವೆಂದರೂ ಬಚ್ಚಲು ತೊಳೆದು ಹೋಗುತ್ತಾನೆ. ಆಮೇಲೆ ಮುಂದಿನ ಕೋಣೆಯ ಚಾಪೆಯ ಮೇಲೆ ಕೂತು ತಂತಮ್ಮ ಜೇಬಿನ ಚಾಕು ತೆಗೆದು ಒಬ್ಬರಿಗೊಬ್ಬರು ತೋರಿಸಿಕೊಳ್ಳುತ್ತಾರೆ. ಕತ್ತರಿ, ರೇಜರ್ ಸಾಣೆ ಹಿಡಿಸಲು ಬಂದವರನ್ನು ನೀವು ಈ ಹುಚ್ಚಿಗೆ ಹಚ್ಚಿದಿರಿ. ಚಹಾ ಕಾಯಿಸಿ ಕಾಯಿಸಿ ಸೋತವಳು ನಾನು. ನಿಮ್ಮ ಕಟ್ಟಳೆಯೂ ವಿಚಿತ್ರ. ಮಾರುವುದಿಲ್ಲ, ಕೊಳ್ಳುವುದಿಲ್ಲ, ಒಬ್ಬರ ಚಾಕುವಿನ ಮೇಲೆ ಇನ್ನೊಬ್ಬರ ಕಣ್ಣು ನಿಂತರೆ ಕೊಟ್ಟುಬಿಡುವುದು. ಕೊಟ್ಟವರು ಬಂದಾಗಲೆಲ್ಲ ಮೊದಲು ತಾವು ಕೊಟ್ಟದ್ದನ್ನೇ ಪೆಟ್ಟಿಗೆಯಿಂದ ಎತ್ತಿ, ಬಿಚ್ಚಿ, ಮುಚ್ಚಿ, ‘ಚೆನ್ನಾಗಿದ್ದಾನೆ’ ಎನ್ನಬೇಕು. ಮಗಳನ್ನು ಕೊಟ್ಟ ಮನೆಗೆ ಹೋಗಿ ನೋಡಿಬಂದ ಹಾಗೆ ಆಡುತ್ತೀರಲ್ಲ ಎಂದು ಎಷ್ಟು ಸಲ ನಕ್ಕಿದ್ದೇನೋ. ಪೆಟ್ಟಿಗೆ ತೆರೆದಿದ್ದು ಕಂಡು ಮೈದುನ ಅವತ್ತೂ ಬಗ್ಗಿ ತನ್ನ ಆಮೆಚಿಪ್ಪನ್ನೇ ಹುಡುಕಿದ.

ಉಳಿದಿದ್ದಷ್ಟು ಹಿಡಿಯೂ ಅವನ ಬೆರಳುಗಳ ನಡುವೆಯೇ ಉದುರಿತು. ಮೇಷ್ಟ್ರು ಚೂರೊಂದನ್ನು ಮೂಸಿ ನೋಡಿದರು. ಅವರ ನಾಲಿಗೆಗೆ ಲಗಾಮಿಲ್ಲ, ನಿಮಗೆ ಗೊತ್ತಲ್ಲ. ‘ಇದು ಆಮೆಚಿಪ್ಪಲ್ಲಪ್ಪ. ಹಳೇ ಕಾಲದಲ್ಲಿ ಬಾಚಣಿಗೆ ಮಾಡ್ತಿದ್ರಲ್ಲ, ಆ ಸೆಲ್ಯುಲಾಯ್ಡು. ಹಳಸೋಕೆ ಶುರುವಾದ್ರೆ ಆವಿ ಬಿಡುತ್ತೆ, ಪಕ್ಕದಲ್ಲಿರೋ ಲೋಹವನ್ನೆಲ್ಲ ತಿಂದುಹಾಕುತ್ತೆ. ಪೆಟ್ಟಿಗೆ ಪೂರ್ತಿ ತಿಂದಿದ್ದು ಇದೊಂದೇ’ ಎಂದುಬಿಟ್ಟರು. ಹೇಳಿದ ಮೇಲೆ ತುಟಿ ಕಚ್ಚಿಕೊಂಡರು, ಏನು ಪ್ರಯೋಜನ? ಮೈದುನ ಆ ಪುಡಿಯನ್ನು ಬೆರಳಲ್ಲಿ ಉಜ್ಜಿ ಮೂಸಿದ. ಹರೆಯದಲ್ಲಿ ಯಾರೋ ಊರೂರು ತಿರುಗುವವನ ಹತ್ತಿರ ಆಸೆಪಟ್ಟು ತೆಗೆದುಕೊಂಡದ್ದು, ತನ್ನ ಬಳಿ ಇದ್ದದ್ದರಲ್ಲೆಲ್ಲ ಚೆಂದದ್ದು ಎಂದು ನಿಮಗೆ ಕೊಟ್ಟದ್ದು. ‘ಹುಟ್ಟಿದಾಗಿಂದ ಬಾಚಣಿಗೆ ಹಿಡಿದ ಕೈ ಇದು. ನನಗೇ ಗೊತ್ತಾಗ್ಲಿಲ್ವಲ್ಲ ಅತ್ತಿಗೆ’ ಎಂದ. ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು ಎದ್ದು ಹೋದ.

ಮಾರನೆಯ ದಿನ ಬಾಗಿಲು ತೆಗೆದರೆ ಹೊಸ್ತಿಲ ಮೇಲೆ ಒಂದು ಬಟ್ಟೆಯ ಗಂಟು. ಅವನ ಚಾಕುಗಳಷ್ಟೂ ಅದರಲ್ಲಿದ್ದವು. ಜೇಬಿನಲ್ಲಿ ಇಟ್ಟುಕೊಂಡು ಓಡಾಡುತ್ತಿದ್ದ ಮರದ ಹಿಡಿಯದನ್ನೂ ಬಿಟ್ಟಿರಲಿಲ್ಲ. ಮೇಷ್ಟ್ರೂ ತಮ್ಮದನ್ನೆಲ್ಲ ತಂದು ಸುರಿದರು. ದರ್ಜಿ ಅಕ್ಕ ತನ್ನ ಸಣ್ಣ ಸಣ್ಣ ಪೆನ್‌ಚಾಕುಗಳನ್ನು ಗುಂಡಿಯ ಡಬ್ಬಿ ಸಮೇತ ತಂದಿಟ್ಟಳು. ನಿಮ್ಮ ಪೆಟ್ಟಿಗೆಯೇನು, ನಮ್ಮ ಅಕ್ಕಿ ಡಬ್ಬವೂ ತುಂಬುವಷ್ಟಿದೆ. ವಾಪಸು ಒಯ್ಯಿರಿ ಎಂದರೆ ಯಾರೂ ಕೇಳುವುದಿಲ್ಲ. ನಿಮ್ಮ ಸಣ್ಣ ಚಾಕುವಿನ ಜೋಡಿಯಂಥದ್ದು ಮೇಷ್ಟ್ರ ಹತ್ತಿರ ಒಂದಿದೆ. ಅದರ ಹಿಡಿಯನ್ನು ಉಜ್ಜಿ ಸವೆಸಿ ನಿಮ್ಮದೇ ಎಂದು ಕಳಿಸೋಣ, ಆಪರೇಷನ್ ಮುಗಿಯುವವರೆಗೆ ಯಾರೂ ಬಾಯಿ ಬಿಡುವುದು ಬೇಡ ಎಂದು ಮೇಷ್ಟ್ರೂ ಅಕ್ಕನೂ ನನ್ನಿಂದ ಮಾತು ತೆಗೆದುಕೊಂಡರು. ನಾನೂ ಹೂಂ ಅಂದೆ. ಆದರೆ ಹೆಬ್ಬೆರಳಿಗೆ ಮೋಸ ಮಾಡಲಾದೀತೇ? ಕತ್ತಲಲ್ಲಿ ಮುಟ್ಟಿದರೂ ನಿಮಗೆ ತಿಳಿದುಹೋಗುತ್ತದೆ.

ಅಷ್ಟಾದರೆ ಹೇಗೋ ಸಹಿಸುತ್ತಿದ್ದೆ. ನಿನ್ನೆ ಮೈದುನನ ಹೆಂಡತಿ ಬಂದಳು. ಅಂಗಡಿಯ ಶಟರ್ ಒಳಗಿಂದ ಎಳೆದುಕೊಂಡು, ಗಿರಾಕಿಗಳ ಕುರ್ಚಿಯಲ್ಲಿ ತಾನೇ ಕೂತು, ಕನ್ನಡಿ ನೋಡುತ್ತಾ ಇರುತ್ತಾನಂತೆ. ಊಟಕ್ಕೆ ಕರೆದರೆ ಬರುತ್ತಾನೆ, ತಟ್ಟೆಯ ಮುಂದೆ ಕೂರುತ್ತಾನೆ, ಕಲಸಿ ಎದ್ದು ಹೋಗುತ್ತಾನೆ. ಅಂದಿನಿಂದ ಕತ್ತರಿ ಮುಟ್ಟಿಲ್ಲ, ಕೈ ನಡುಗುತ್ತದೆಯಂತೆ. ಅವಳು ನನ್ನ ಎರಡೂ ಕೈ ಹಿಡಿದುಕೊಂಡು ಹೇಳಿದಳು: ‘ಅಕ್ಕಾ, ನಂಗೆ ಅವರನ್ನ ಒಬ್ಬರನ್ನೇ ಬಿಡೋಕೆ ಭಯ ಆಗ್ತಿದೆ.’ ನಾನು ಅಮ್ಮನನ್ನು ಅವಳಿಗೆ ಒಪ್ಪಿಸಿ ಅವನ ಅಂಗಡಿಗೆ ಓಡಿದೆ. ಶಟರ್ ಬಡಿದೆ, ಬೈದೆ, ಗೋಗರೆದೆ. ತೆಗೆಯಲಿಲ್ಲ. ಒಳಗಿಂದಲೇ ಮಾತಾಡಿದ. ‘ಅಣ್ಣ ವಾಪಸ್ ಬಂದ್ರೆ ಕಾಲು ಹಿಡಿದು ಹೇಳ್ಕೋತೀನಿ ಅತ್ತಿಗೆ. ಬರದೇ ಹೋದ್ರೆ ನಾನು ಯಾರ ಹತ್ರ ಹೇಳ್ಕೊಳ್ಳಲಿ?’ ಎಂದ. ಬರದೇ ಹೋದರೆ ಎಂಬ ಮಾತನ್ನು ನಾನು ನನ್ನೊಳಗೂ ಆಡಿಕೊಂಡಿರಲಿಲ್ಲ. ಅವನ ಬಾಯಲ್ಲಿ ಕೇಳಿ ಅಲ್ಲೇ ರಸ್ತೆಯಲ್ಲಿ ಕುಸಿದು ಕೂತೆ.

ಹಿಂದೆಯೇ ಬಂದ ದರ್ಜಿ ಅಕ್ಕ ನನ್ನನ್ನು ಎಬ್ಬಿಸಿ ಮನೆಗೆ ಕರೆತಂದಳು. ಆಗ ಹೇಳಿದಳು ನಿಮ್ಮ ಪ್ರತಾಪವನ್ನು. ನಿಮಗೆ ಗೊತ್ತಿತ್ತಂತೆ! ಅದು ಚಿಪ್ಪಲ್ಲ ಎಂದು ಕೈಗೆ ಬಂದ ದಿನವೇ ಗೊತ್ತಿತ್ತಂತೆ. ಅವಳ ಬಳಿ ಅಂಥದ್ದೇ ಒಂದು ಬಂದಾಗ ಬೇರೆ ಬಟ್ಟಲಿನಲ್ಲಿ, ಕಿಟಕಿಯ ಹತ್ತಿರ ಗಾಳಿಗಿಡು ಎಂದು ಬುದ್ಧಿ ಹೇಳಿದವರು ನೀವೇ ಅಂತೆ. ಹಾಗಾದರೆ ನಿಮ್ಮದನ್ನೇಕೆ ಎಲ್ಲದರ ನಡುವೆ ಇಟ್ಟಿದ್ದೀರಿ ಎಂದು ಕೇಳಿದ್ದಕ್ಕೆ, ‘ಅವನು ಬಂದಾಗ ಮೊದಲು ಅದನ್ನೇ ಹುಡುಕ್ತಾನೆ. ಬೇರೆ ಡಬ್ಬಿಯಿಂದ ತೆಗೆದುಕೊಟ್ರೆ ಮುಖ ಸಣ್ಣಗಾಗುತ್ತೆ. ನಾನು ದಿನಾ ಗಾಳಿಗಿಟ್ಟು ಒರೆಸಿ ನೋಡ್ಕೋತೀನಿ’ ಎಂದಿರಂತೆ. ದಿನಾ ಬೆಳಿಗ್ಗೆ ಹಲ್ಲುಜ್ಜುವ ಮುಂಚೆ ಪೆಟ್ಟಿಗೆ ತೆರೆದು ಎಣ್ಣೆ ಬಟ್ಟೆ ಹಿಡಿದು ಕೂರುತ್ತಿದ್ದಿರಲ್ಲ, ಅದು ಇದಕ್ಕೇನು? ನಾನು ಅದನ್ನು ಹುಚ್ಚು ಎಂದುಕೊಂಡಿದ್ದೆ. ಹುಚ್ಚೇ ಅದು. ಒಬ್ಬನ ಮುಖ ಬಾಡದಿರಲೆಂದು ಅಪ್ಪನ ಚಾಕುವನ್ನೂ ಪಣಕ್ಕಿಟ್ಟಿರಿ. ನನಗೆ ಒಂದು ಮಾತು ಹೇಳಿದ್ದರೆ ಬೀಗ ಒಡೆದು ಗಾಳಿಗಿಡುತ್ತಿರಲಿಲ್ಲವೇ? ಎಷ್ಟು ಸಿಟ್ಟು ಬಂತು ಎಂದರೆ, ನೀವು ಎದುರಿಗಿದ್ದಿದ್ದರೆ ಏನು ಮಾಡುತ್ತಿದ್ದೆನೋ. ಆಮೇಲೆ, ನೀವು ಎದುರಿಗಿಲ್ಲವಲ್ಲ ಎಂದು ಅಳು ಬಂತು. ಇದನ್ನು ಮೈದುನನಿಗೆ ಹೇಳಬೇಡ ಎಂದು ಅಕ್ಕನ ಬಾಯಿ ಕಟ್ಟಿದ್ದೇನೆ. ತನ್ನ ಸಲುವಾಗಿಯೇ ಹೀಗಾಯಿತೆಂದು ತಿಳಿದರೆ ಅವನು ಇನ್ನೂ ಕುಗ್ಗಿಹೋದಾನು. ಹೇಳಬೇಕೋ ಬೇಡವೋ ನೀವೇ ನೋಡಿಕೊಳ್ಳಿ.

ರೋಗಿಯ ಮನಸ್ಸಿಗೆ ನೋವಾಗುವ ಸುದ್ದಿ ಹೇಳಬಾರದು ಎಂದು ಡಾಕ್ಟರು ಹೇಳಿದ್ದಾರೆ. ನನಗೂ ತಿಳಿಯುತ್ತದೆ. ಆದರೆ ಸೋಮವಾರದ ಆಚೆಗೆ ಏನಿದೆ ಎಂದು ನನಗೆ ಕಾಣುತ್ತಿಲ್ಲ. ಮಾತು ಮುರಿದೆ ಎಂದು ಮೇಷ್ಟ್ರು ನನ್ನ ಮುಖ ನೋಡದಿದ್ದರೂ ಸರಿ, ನಿಮ್ಮ ಎದೆಬಡಿತ ಏರಿತೆಂದು ನರ್ಸಮ್ಮ ನನ್ನನ್ನು ಶಪಿಸಿದರೂ ಸರಿ. ನೀವು ಸುಮ್ಮನೆ ಕಣ್ಣು ಮುಚ್ಚಿಬಿಟ್ಟರೆ ಇಲ್ಲಿ ಇನ್ನೊಬ್ಬ ಉಳಿಯುವುದಿಲ್ಲ. ನಾನು ಒಬ್ಬಳೇ ಎಷ್ಟು ಜನರನ್ನು ಹಿಡಿದು ನಿಲ್ಲಿಸಲಿ? ನನ್ನ ಕೈಯಲ್ಲಿ ಆಗುತ್ತಿಲ್ಲ. ನಿಮ್ಮ ಸಣ್ಣ ಚಾಕುವನ್ನು ಹಾಳಾಗಿರುವಂತೆಯೇ ಕಳಿಸುತ್ತಿದ್ದೇನೆ. ಕಿಲುಬು ತೊಳೆದು ಹಳೆಯ ಮಸ್ಲಿನ್ನಿನಲ್ಲಿ ಸುತ್ತಿದ್ದೇನೆ. ಬಿಚ್ಚುವುದಿಲ್ಲ ಎಂದು ನೀವೇ ಬರೆದಿದ್ದೀರಿ, ಇನ್ನು ಬಿಚ್ಚಲು ಬರುವುದೂ ಇಲ್ಲ. ಮುಷ್ಟಿಯಲ್ಲಿ ಹಿಡಿಯಲಂತೂ ಅಡ್ಡಿಯಿಲ್ಲ.

ಅಮ್ಮ ಎದ್ದರು, ಕರೆಯುತ್ತಿದ್ದಾರೆ. ನಿಮಗೆ ಏನಾದರೂ ಬರೆಯಬೇಕೇ ಎಂದು ಕೇಳಿದರೆ, ಬೆಲ್ಟು ಬೇಗ ಹಾಕಿಸು ಎಂದು ಬರಿ ಅಂದರು. ಅವರ ಆಶೀರ್ವಾದ ಎಂದು ತಿಳಿಯಿರಿ. ನನ್ನ ನಮಸ್ಕಾರವನ್ನು ನೀವು ಮನೆಗೆ ಬಂದ ಮೇಲೆ ಕಾಲು ಮುಟ್ಟಿಯೇ ಮಾಡುತ್ತೇನೆ, ಕಾಗದದಲ್ಲಿ ಮಾಡುವುದಿಲ್ಲ.

ನಿಮ್ಮ ದಾರಿ ನೋಡುತ್ತಾ,
ನಿಮ್ಮ ಜಗಳಗಂಟಿ

ಮ.ಮ: ಅವಸರದಲ್ಲಿ ಬರೆಯುತ್ತಿದ್ದೇನೆ, ಬಸ್ಸು ಹೊರಡುವ ಹೊತ್ತಾಯಿತು. ಆಪರೇಷನ್ ದಿನ ಮನೆಯವರೊಬ್ಬರು ಇರಲೇಬೇಕು ಎಂದು ಆಸ್ಪತ್ರೆಯವರು ಹೇಳಿದ್ದಾರಲ್ಲ. ನಾನು ಅಮ್ಮನನ್ನು ಬಿಟ್ಟು ಬರಲಾರೆ; ಮೇಷ್ಟ್ರಿಗೆ ಮಂಡಿನೋವು, ನೀನಲ್ಲದೆ ಯಾರೂ ಇಲ್ಲ ಎಂದು ಅವನ ಹೆಂಡತಿಯ ಬಾಯಲ್ಲಿ ಸುಳ್ಳು ಹೇಳಿಸಿ ಮೈದುನನನ್ನೇ ಹೊರಡಿಸಿದ್ದೇನೆ. ಈ ಕಾಗದ ತಂದವನು ಅವನೇ. ಇದರಲ್ಲಿ ಏನಿದೆ ಎಂದು ಅವನಿಗೆ ಗೊತ್ತಿಲ್ಲ. ನಿಮ್ಮ ಮುಖ ನೋಡುವ ಧೈರ್ಯವಿಲ್ಲದೆ ವಾರ್ಡಿನ ಹೊರಗೆ ಗೋಡೆಗೊರಗಿ ನಿಂತಿರುತ್ತಾನೆ, ಕೂಗಿ ಕರೆಯಿರಿ. ಪರವಾಗಿಲ್ಲ, ಹೋಗಲಿ ಬಿಡು ಎನ್ನಬೇಡಿ. ಆ ಮಾತನ್ನು ಇಲ್ಲಿ ಎಲ್ಲರೂ ಹೇಳಿ ಆಗಿದೆ. ಅವನ ಹೆಂಡತಿ ಭಯಪಟ್ಟು ಬಚ್ಚಿಟ್ಟಿದ್ದ ರೇಜರ್ ಪೆಟ್ಟಿಗೆಯನ್ನು ಇಸಿದುಕೊಂಡು ಅವನೇ ತರುತ್ತಿರುವ ನಿಮ್ಮ ಬಟ್ಟೆಬರೆಯ ಗಂಟಿನ ತಳದಲ್ಲಿಟ್ಟು ಹೊಲಿದಿದ್ದೇನೆ. ಬಿಚ್ಚಿ ಅವನ ಕೈಗೆ ಕೊಡಿ. ಆಪರೇಷನ್ನಿಗೆ ಮುಂಚೆ ಗಡ್ಡ ತೆಗಿ, ನೀನೇ ತೆಗಿಬೇಕು ಎನ್ನಿ. ಆಗಲ್ಲ ಅಣ್ಣ ಅನ್ನುತ್ತಾನೆ. ಕೈ ನಡುಗುತ್ತದೆ. ನಡುಗಲಿ. ಕಣ್ಣು ಮುಚ್ಚಿ ಕತ್ತು ಎತ್ತಿ ಕೂತುಬಿಡಿ, ಅವನು ಶುರು ಮಾಡುವವರೆಗೂ ಏಳಬೇಡಿ. ಒಂದೆರಡು ಗಾಯವಾದರೆ ಆಗಲಿ, ಹೇಗೂ ಆಸ್ಪತ್ರೆಯಲ್ಲೇ ಇದ್ದೀರಿ.