ಸಿಪ್ಪೆಯಿಲ್ಲದ ಹಮ್ಮಸ್

ತಂಗಿಗೆ ಅಕ್ಕನ ಆಶೀರ್ವಾದ.

ನಮ್ಮ ಮನೆಯ ಹಮ್ಮಸ್ ಬೆಣ್ಣೆಯಂತಿರುತ್ತದೆ, ನಿನ್ನದು ಮಾತ್ರ ತರಿತರಿ, ಗುಟ್ಟೇನು ಎಂದು ಕೇಳಿದ್ದೀಯ. ಅಮ್ಮ ಹೇಗಿದ್ದಾಳೆಂದು ಕೇಳಿಲ್ಲ. ಆದರೂ ಎರಡಕ್ಕೂ ಉತ್ತರ ಒಂದೇ.

ನೆನೆದ ಕಾಬೂಲಿ ಕಡಲೆಯನ್ನು ಮೆತ್ತಗೆ ಬೇಯಿಸಿ, ಹುರಿದ ಎಳ್ಳು, ಬೆಳ್ಳುಳ್ಳಿ, ನಿಂಬೆರಸ, ಉಪ್ಪು ಸೇರಿಸಿ ರುಬ್ಬು. ಬಣ್ಣಕ್ಕೂ ರುಚಿಗೂ ಸುಟ್ಟ ಬೀಟ್‌ರೂಟಿನ ಹೋಳೊಂದು ಸಾಕು. ಆದರೆ ರುಬ್ಬುವ ಮೊದಲು ಒಂದೊಂದು ಕಡಲೆಯ ಸಿಪ್ಪೆಯನ್ನೂ ಬಿಡಿಸಬೇಕು. ಅಷ್ಟು ತಾಳ್ಮೆ ನನಗೆಲ್ಲಿದೆ? ಅದನ್ನು ಅಮ್ಮನೇ ಮಾಡುತ್ತಾಳೆ.

ಅವಳ ಬೆರಳ ಗಂಟುಗಳು ಊದಿಕೊಂಡಿವೆ. ನನಗೋಸ್ಕರ ಬಿಡಿಸಿಕೊಡು ಎಂದರೆ, "ಕೈ ನೋಯುತ್ತೆ ಕಣೇ" ಎಂದು ಮುಖ ತಿರುಗಿಸುತ್ತಾಳೆ. ಹಾಗಾಗಿ ಮನೆಗೆ ನೆಂಟರು ಬರುವ ದಿನವೆಲ್ಲ, "ಸಂಜೆ ಚಿಕ್ಕವಳು ಬರ್ತಾಳಂತೆ" ಎಂದುಬಿಡುತ್ತೇನೆ. ತಕ್ಷಣ ಪಾತ್ರೆಯನ್ನು ಮಡಿಲಿಗೆ ಎಳೆದುಕೊಳ್ಳುತ್ತಾಳೆ. "ಒಂದು ಸಿಪ್ಪೆ ಬಾಯಿಗೆ ಸಿಕ್ಕಿದ್ರೂ ತಟ್ಟೆ ದೂಡ್ತಾಳೆ ಅವಳು" ಎಂದು ನಗುತ್ತಾ ಬಿಡಿಸುತ್ತಾಳೆ. ಊಟ ಮುಗಿದು ನೆಂಟರು ಹೊರಟ ಮೇಲೂ, "ಬಸ್ಸು ತಪ್ಪಿರ್ಬೇಕು, ಅವಳ ಪಾಲು ಮುಚ್ಚಿಡು" ಎನ್ನುತ್ತಾಳೆ. ಮರುದಿನ ಅದನ್ನು ನಾನೇ ಬ್ರೆಡ್ಡಿಗೆ ಸವರಿಕೊಂಡು ತಿನ್ನುತ್ತೇನೆ. ಚೆನ್ನಾಗಿರುತ್ತದೆ.

ಈ ಸಲ ರಜೆಗೆ ಬರುವ ಯೋಚನೆಯಿದೆ ಎಂದು ಬರೆದಿದ್ದೀಯ. ಬರಬೇಡ. ನೀನು ಬಂದು, ಇಷ್ಟು ದಿನ ಬರುತ್ತೇನೆಂದು ಹೇಳಿಯೇ ಇರಲಿಲ್ಲ ಎಂದು ಬಾಯಿಬಿಟ್ಟರೆ, ಆಮೇಲೆ ಅವಳು ಕಡಲೆ ಮುಟ್ಟುವುದಿಲ್ಲ.

ನಿನ್ನ ಮನೆಯಲ್ಲಿ ಸಿಪ್ಪೆ ಬಿಡಿಸುವವರು ಯಾರೆಂಬ ಚಿಂತೆ ಬೇಡ. ನಿನ್ನ ಅತ್ತೆ ಇದ್ದಾರೆ. ಅವರಿಗೂ ದೂರದಲ್ಲೊಬ್ಬಳು ಮಗಳಿದ್ದಾಳಲ್ಲ.

ಇಂತಿ,
ನಿನ್ನ ಅಕ್ಕ