ಎಡಗೈಯ ಯೆರ್ಬಾ

ಪೆರ್ಗಮಿನೊ,
ಮಾರ್ಚ್ ೯, ೧೯೮೭

ಪ್ರೀತಿಯ ಸುಲೆಮಾ,

ನೀನೂ ನಿಕಾನೊರನೂ ಸೌಖ್ಯವೆಂದು ನಂಬಿದ್ದೇನೆ. ನಿನ್ನ ಮೊಣಕಾಲು ನೋವು ಹೇಗಿದೆ ಅಂತ ಬರಿ. ನಿನ್ನ ಎರಡು ಕಾಗದಗಳೂ ಬಂದವು, ಎರಡನೆಯದರಲ್ಲಿ ತುಂಬಿ ಕಳಿಸಿದ ಬೈಗುಳವೂ ಭದ್ರವಾಗಿ ತಲುಪಿತು. "ಬದುಕಿದ್ದೀಯೋ ಇಲ್ವೋ, ಅಷ್ಟಾದ್ರೂ ಒಂದು ಗೆರೆ ಗೀಚು. ಪಕ್ಕದ ಡೇರೆಗೆ ಬೇರೆ ಯಾರಾದ್ರೂ ಬಂದು ಕೂತ್ರೆ ನಾನು ಮಿರಾಮಾರಿನ ಸಮುದ್ರದಂಡೆಗೆ ಕಾಲೇ ಇಡಲ್ಲ" ಅಂತ ಬರೆದಿದ್ದೀಯ. ಬದುಕಿದ್ದೇನೆ ಕಣೇ. ಉತ್ತರ ಬರೆಯದೆ ಇದ್ದದ್ದು ಸೋಮಾರಿತನದಿಂದಲ್ಲ. ಬರುತ್ತೇವೆ ಅಂತ ಬರೆಯುವ ಧೈರ್ಯವಿರಲಿಲ್ಲ, ಬರುವುದಿಲ್ಲ ಅಂತ ಬರೆಯಲು ಮನಸ್ಸಿರಲಿಲ್ಲ. ತಡಮಾಡಿದ್ದಕ್ಕೆ ಕ್ಷಮಿಸು.

ಜನವರಿಯಲ್ಲೇ ಅನ್ಸೆಲ್ಮೊ ಹೇಳಿಬಿಟ್ಟಿದ್ದ: "ಈ ವರ್ಷ ಸಮುದ್ರಕ್ಕೆ ನೀನೊಬ್ಳೇ ಹೋಗು ಮುದುಕಿ. ನಾನು ನಾಯಿ ನೋಡ್ಕೊಂಡು ಇರ್ತೀನಿ." ನಾಯಿಯನ್ನು ಪ್ರತಿ ಮಾರ್ಚಿನಲ್ಲೂ ನೋಡಿಕೊಳ್ಳುವವಳು ಪಕ್ಕದ ಮನೆಯ ಪೊರೊತಾ. ಆ ನಾಯಿಗೂ ನಮಗಿಂತ ಅವಳ ಮೇಲೇ ಪ್ರೀತಿ. ಹಾಗಾಗಿ ಕಾರಣ ನಾಯಿಯಲ್ಲ ಅನ್ನುವುದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಕಾರಣ ಅವನ ಬಲಗೈ. ಲಕ್ವ ಹೊಡೆದ ಮೇಲೆ ಕಾಲು ಸರಿಹೋಯಿತು, ಮಾತು ಸರಿಹೋಯಿತು, ಕೈಯ ನಡುಕ ಮಾತ್ರ ನಿಲ್ಲಲಿಲ್ಲ. ಕ್ಷೌರದಂಗಡಿಯ ಬೀಗದ ಕೈಯನ್ನು ಬೇರೆಯವರಿಗೆ ಕೊಟ್ಟ ದಿನವೂ ಅವನು ಇಷ್ಟು ಕುಗ್ಗಿರಲಿಲ್ಲ. "ಊರಿನವರ ತಲೆ ಸವರಿ ಸಾಕಾಗಿತ್ತು ಬಿಡು" ಅಂತ ನಕ್ಕಿದ್ದ. ಯೆರ್ಬಾ ಎಲೆಯ ಕಷಾಯ ಬಗ್ಗಿಸಲು ಆಗುವುದಿಲ್ಲವಲ್ಲ, ಅದು ಅವನನ್ನು ಒಳಗಿಂದ ತಿನ್ನುತ್ತಿತ್ತು.

ನಿನಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಂಜೆ ನಮ್ಮ ಸಾಲಿನ ಡೇರೆಗಳವರೆಲ್ಲ ಮರಳಿನ ಮೇಲೆ ಸುತ್ತ ಕೂತಾಗ ಫ್ಲಾಸ್ಕ್ ಯಾವಾಗಲೂ ಅವನ ಕೈಯಲ್ಲೇ. ಎಲ್ಲರಿಗೂ ಸೇರಿ ಒಂದೇ ಸೋರೆಬುರುಡೆ, ಹೀರುವುದಕ್ಕೆ ಒಂದೇ ಕೊಳವೆ, ಬಗ್ಗಿಸುವವನೂ ಒಬ್ಬನೇ. ಎಲೆಯ ಮೇಲೆ ಬಿಸಿನೀರು ಹುಯ್ದು ಒಬ್ಬೊಬ್ಬರಿಗೆ ಕೊಡುತ್ತಾ, ಕುಡಿದು ವಾಪಸು ಕೊಟ್ಟದ್ದನ್ನು ಮತ್ತೆ ತುಂಬುತ್ತಾ, ಯಾರಿಗೆ ಸುಡುಸುಡು ಬೇಕು, ಯಾರು ಗುಟ್ಟಾಗಿ ಸಕ್ಕರೆ ಹಾಕಿಸಿಕೊಳ್ಳುತ್ತಾರೆ, ಯಾವ ಗಂಡಹೆಂಡಿರು ಜಗಳವಾಡಿಕೊಂಡು ಬಂದಿದ್ದಾರೆ, ಎಲ್ಲ ಅವನಿಗೆ ಗೊತ್ತಿರುತ್ತಿತ್ತು. ಅಂಥವನು ದಂಡೆಯಲ್ಲಿ ಸುಮ್ಮನೆ ಕೂತು ಇನ್ನೊಬ್ಬನ ಕೈಯಿಂದ ಇಸಿದುಕೊಂಡು ಕುಡಿಯುವುದನ್ನು ನನ್ನಿಂದಲೂ ಊಹಿಸಲಾಗುವುದಿಲ್ಲ. ಮನೆಯಲ್ಲಿ ಇಷ್ಟು ತಿಂಗಳೂ ನಾನೇ ಬಗ್ಗಿಸುತ್ತಿದ್ದೆ. ತನ್ನ ಅಪ್ಪನ ಕಾಲದ ಸೋರೆಬುರುಡೆಯನ್ನು ಹೊರಗೆ ತೆಗೆಯಲು ಅವನು ಬಿಡಲಿಲ್ಲ, ತಗಡಿನ ಲೋಟದಲ್ಲೇ ಕುಡಿಯುತ್ತಿದ್ದೆವು. ನನ್ನ ಕೈಯದು ಹೇಗಿರುತ್ತದೆ ಅಂತ ನಿನಗೆ ಗೊತ್ತೇ ಇದೆ, ಕಲಗಚ್ಚು. ಅದನ್ನೂ ಅವನು ಕುಡಿದು "ಚೆನ್ನಾಗಿದೆ" ಅನ್ನುತ್ತಿದ್ದ. ಮದುವೆಯಾದಾಗಿನಿಂದ ಒಂದು ದಿನವೂ ಹಾಗೆ ಅಂದವನಲ್ಲ. ಆ "ಚೆನ್ನಾಗಿದೆ" ಕೇಳಿದಾಗಲೆಲ್ಲ ನನಗೆ ಅಳು ಬರುತ್ತಿತ್ತು.

ಆದರೆ ನನ್ನ ಹಠವೂ ನಿನಗೆ ಗೊತ್ತಲ್ಲ. ಕಾರ್ನಿವಲ್ ಗದ್ದಲ ಮುಗಿದದ್ದೇ ತಡ, ಬೀರುವಿನ ಮೇಲಿಂದ ಪೆಟ್ಟಿಗೆ ಇಳಿಸಿ ಮಂಚದ ಮೇಲೆ ಬಾಯಿ ತೆರೆದು ಇಟ್ಟೆ. ಅವನು ಬರಲಿ ಬಿಡಲಿ, ತುಂಬುವುದು ಇಬ್ಬರಿಗೂ ಅಂತ ತೀರ್ಮಾನಿಸಿದೆ. ಅವನ ನೀಲಿ ಚಡ್ಡಿ, ತೆಳು ಅಂಗಿಗಳು, ಹುಲ್ಲಿನ ಟೋಪಿ, ಸೂರ್ಯ ಮುಳುಗಿದ ಮೇಲೆ ಬೀಸುವ ಗಾಳಿಗೆ ಅಂತ ಒಂದೊಂದು ಸ್ವೆಟರ್. ಹಗಲು ಇನ್ನೂ ಬೇಸಿಗೆಯಂತೆ ಸುಟ್ಟರೂ, ಚಳಿ ಹತ್ತಿರವಾಗುವ ಮಾರ್ಚಿನ ಸಂಜೆಯನ್ನು ನಂಬುವ ಹಾಗಿಲ್ಲ. ನನ್ನ ಹೂವಿನ ಈಜುಡುಗೆಯನ್ನೂ ತೊಟ್ಟು ನೋಡಿದೆ. ಉಸಿರಾಡದೆ ಇದ್ದರೆ ಇನ್ನೂ ಸರಿಯಾಗುತ್ತದೆ.

ಮಾರನೆಯ ಬೆಳಿಗ್ಗೆ ನೋಡಿದರೆ ಅವನ ಬಟ್ಟೆಗಳೆಲ್ಲ ಮಡಚಿದ ಹಾಗೇ ಮತ್ತೆ ಬೀರುವಿನಲ್ಲಿ. ನಾನು ಮತ್ತೆ ತುಂಬಿದೆ. ಅವನು ಮತ್ತೆ ತೆಗೆದ. ಒಮ್ಮೆ ಅವನ ಚಪ್ಪಲಿಯನ್ನು ನನ್ನ ಲಂಗಗಳ ನಡುವೆ ಬಚ್ಚಿಟ್ಟೆ, ಸಂಜೆಯೊಳಗೆ ಅದು ಮಂಚದ ಕೆಳಗೆ ವಾಪಸು ಬಂದಿತ್ತು. ಮಾತಿಲ್ಲ ಕತೆಯಿಲ್ಲ, ಹೀಗೇ ದಿನಗಳು ಕಳೆದವು. ಪೊರೊತಾ ಕಿಟಕಿಯಿಂದ ನೋಡಿ, "ಏನೇ ನೀಲ್ದಾ, ನೀವಿಬ್ರೂ ಊರಿಗೆ ಹೊರಟಿದ್ದೀರೋ, ಇಸ್ಪೀಟ್ ಆಡ್ತಿದ್ದೀರೋ?" ಅಂದಳು.

ನಾನು ಮುಟ್ಟದೆ ಬಿಟ್ಟದ್ದು ಒಂದೇ, ಅವನ ಚರ್ಮದ ಚೀಲ. ಫ್ಲಾಸ್ಕ್, ಎಲೆಯ ಡಬ್ಬಿ, ಅವನ ಅಪ್ಪನ ಬುರುಡೆ ಎಲ್ಲ ಇರುವ ಆ ಚೀಲ ಅಡಿಗೆಮನೆ ಬಾಗಿಲ ಹಿಂದೆ ಮೊಳೆಗೆ ನೇತಾಡುತ್ತಿರುತ್ತದೆ. ಊರಿಗೆ ಹೊರಡುವಾಗ ಎಲ್ಲ ಮುಗಿದ ಮೇಲೆ ಅವನೇ ಅದನ್ನು ತುಂಬುವುದು, ಅವನೇ ಹೆಗಲಿಗೆ ಹಾಕಿಕೊಳ್ಳುವುದು. ಅದನ್ನು ಇನ್ನೊಬ್ಬರು ಮುಟ್ಟಿದ್ದಿಲ್ಲ. ಹೋದ ವಾರ ನನಗೆ ಯಾವ ಬುದ್ಧಿ ಬಂತೋ, ಎಲ್ಲ ಸಿದ್ಧಮಾಡಿ ಎದುರಿಗಿಟ್ಟರೆ ಮನಸ್ಸು ಬದಲಾಯಿಸಿಯಾನು ಅಂದುಕೊಂಡು, ಅವನು ಮಧ್ಯಾಹ್ನ ಮಲಗಿದ್ದಾಗ ಚೀಲ ಇಳಿಸಿದೆ. ತಿಂಗಳುಗಟ್ಟಲೆ ಮುಚ್ಚಿಟ್ಟಿದ್ದ ಬುರುಡೆ ಬೂಷ್ಟು ಹಿಡಿದಿತ್ತು. ತೊಟ್ಟಿಯಲ್ಲಿ ಊಟದ ಪಾತ್ರೆಗಳು ಬಿದ್ದಿದ್ದವು. ಮನಸ್ಸು ಪೆಟ್ಟಿಗೆಯ ಮೇಲೆ, ಕೈ ಪಾತ್ರೆಯ ಮೇಲೆ. ಸುಲೆಮಾ, ನಾನು ಆ ಬುರುಡೆಗೆ ಸೋಪು ಹಾಕಿ ತಿಕ್ಕಿದೆ. ಆಮೇಲೆ ಒಣಗಲಿ ಅಂತ ಗೋಡೆಯ ಮೇಲೆ ಸುಡುವ ಬಿಸಿಲಿಗೆ ಇಟ್ಟೆ.

ನೀನು ಎದೆಗೆ ಕೈ ಹಚ್ಚಿಕೊಂಡದ್ದು ಇಲ್ಲಿಗೇ ಕಾಣುತ್ತಿದೆ. ಹೌದು, ನಾನೇ, ಬುರುಡೆ ತೊಳೆಯುವಾಗ ತಣ್ಣೀರು ಬಿಟ್ಟು ಬೇರೇನೂ ಸೋಕಬಾರದು ಅಂತ ನಡೆಯಲು ಕಲಿಯುವ ಮೊದಲೇ ಕಲಿತವಳು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಅಪ್ಪ ಮಗ ಇಬ್ಬರೂ ಕುಡಿದು ಕುಡಿದು ಕಪ್ಪಾಗಿಸಿದ್ದ ಬುರುಡೆ ಬಾಯಿಯಿಂದ ಬುಡದವರೆಗೆ ಸೀಳಿಹೋಯಿತು.

ಅನ್ಸೆಲ್ಮೊ ಎದ್ದು ಬಂದವನು ಅದನ್ನು ಎತ್ತಿ ಮೂಸಿದ.

"ಇದಕ್ಕೆ ಸೋಪು ಹಾಕಿದ್ಯಾ?"

"ಹಾಕ್ದೆ."

"ಬಿಸಿಲಿಗೂ ಇಟ್ಟೆ."

"ಇಟ್ಟೆ."

"ನಮ್ಮಪ್ಪಂದು ಕಣೇ ಇದು. ನಿಮ್ಮೂರಲ್ಲಿ ಬುರುಡೇನ ಸೋಪಲ್ಲಿ ತೊಳೀತಾರೇನೇ? ಹಂಗಾದ್ರೆ ಬಟ್ಟೆ ಯಾವುದ್ರಲ್ಲಿ ಒಗೀತೀರಿ, ಸಾರಲ್ಲಾ?"

ಅಲ್ಲಿಂದ ಶುರುವಾಯಿತು ನೋಡು. ನನ್ನ ಊರು, ನನ್ನ ತಾಯಿ, ಇಟಲಿಯಿಂದ ಹಡಗು ಹತ್ತಿ ಬಂದ ನನ್ನ ಅಜ್ಜಿ, ಅವಳನ್ನು ಇಳಿಸಿಕೊಂಡ ಹಡಗುಕಟ್ಟೆ, ಯಾರನ್ನೂ ಬಿಡಲಿಲ್ಲ. ಬೇಲಿಯಾಚೆಯಿಂದ ಪೊರೊತಾ, "ನೀಲ್ದಾ, ಪೋಲೀಸ್ನೋರನ್ನ ಕರೀಲಾ?" ಅಂದಳು. "ಕರಿ, ಬಂದು ಇವಳನ್ನ ಎಳ್ಕೊಂಡು ಹೋಗ್ಲಿ" ಅಂತ ಇವನು ಕೂಗಿದ. ನಾನು ತಲೆ ತಗ್ಗಿಸಿ ಅಳುತ್ತಿದ್ದೆ. ಆ ಬುರುಡೆಗಾಗಿ ನಿಜವಾಗಿಯೂ ಹೊಟ್ಟೆ ಉರಿಯಿತು. ಆದರೆ ಅಳುತ್ತಲೇ ನನಗೆ ಒಳಗೊಳಗೆ ಖುಷಿಯಾಗುತ್ತಿತ್ತು ಅಂದರೆ ನೀನು ನಂಬಬೇಕು. ಇಷ್ಟು ತಿಂಗಳು ಅವನು ನನ್ನ ಜೊತೆ ಬಾಡಿಗೆಗಿರುವವನು ಮನೆ ಯಜಮಾನಿಯ ಜೊತೆ ಮಾತಾಡಿದ ಹಾಗೆ ಮಾತಾಡಿದ್ದ. ಅವತ್ತು ಬೈದವನು ನನ್ನ ಗಂಡ.

ಬೈದು ಮುಗಿಸಿ ಟೋಪಿ ಹಾಕಿಕೊಂಡು ಒಬ್ಬನೇ ಪೇಟೆಗೆ ಹೋದ. ಆಸ್ಪತ್ರೆಯಿಂದ ಬಂದ ಮೇಲೆ ಒಬ್ಬನೇ ಹೊರಗೆ ಹೋದದ್ದು ಅದೇ ಮೊದಲು. ನಾನು ಬಾಗಿಲಲ್ಲಿ ನಿಂತು ಹೊಸ ಮದುವಣಗಿತ್ತಿ ಹಾಗೆ ದಾರಿ ಕಾದೆ ಅಂತ ಪೊರೊತಾ ಆಡಿಕೊಂಡು ನಗುತ್ತಾಳೆ, ನಗಲಿ. ವಾಪಸು ಬರುವಾಗ ಕೈಯಲ್ಲಿ ಹೊಸ ಬುರುಡೆ ಇತ್ತು. "ಇದನ್ನ ನಾನೇ ಪಳಗಿಸ್ತೀನಿ. ನೀನು ಇದರ ಹತ್ರ ಸುಳೀಬೇಡ. ಈ ಮನೇಲಿ ಯಾರನ್ನೂ ನಂಬೋ ಹಾಗಿಲ್ಲ" ಅಂದ.

ಒದ್ದೆ ಎಲೆ ತುಂಬಿಸಿ ರಾತ್ರಿಯಿಡೀ ಬಿಟ್ಟ. ಬೆಳಿಗ್ಗೆ ಬುರುಡೆಯನ್ನು ಎರಡು ಮೊಣಕಾಲ ನಡುವೆ ಒತ್ತಿ ಹಿಡಿದು, ಎಡಗೈಯಲ್ಲಿ ಚಮಚ ಹಿಡಿದು ಒಳಗಿನ ತಿರುಳನ್ನು ಕೆರೆಯತೊಡಗಿದ. ನೀನೂ ನಾನೂ ಒಂದು ಹಾಡು ಹೇಳಿ ಮುಗಿಸುವುದರೊಳಗೆ ಮಾಡುವ ಕೆಲಸ. ಅವನಿಗೆ ಊಟದ ಹೊತ್ತಾಯಿತು. ಚಮಚ ಜಾರುತ್ತಿತ್ತು, ಎಲೆ ನೆಲವೆಲ್ಲ ಚೆಲ್ಲಾಡಿತ್ತು. ನಾನು ಬೆನ್ನು ತಿರುಗಿಸಿ ದಾರಿಗೆ ಬೇಕಾದ ಮಾಂಸದ ತುಂಡುಗಳಿಗೆ ರೊಟ್ಟಿಪುಡಿ ಹಚ್ಚುತ್ತಾ ನಿಂತಿದ್ದೆ. ಹೊರಡುವುದಕ್ಕೆ ಇನ್ನೂ ವಾರವಿದ್ದಾಗ ಯಾರಾದರೂ ಮಿಲನೇಸಾ ಕರಿಯುತ್ತಾರೆಯೇ? ಅವತ್ತು ರಾತ್ರಿ ನಾವು ಅದನ್ನೇ ತಿಂದೆವು.

ನಿನ್ನೆ ಮಧ್ಯಾಹ್ನ ಹಿತ್ತಲಿನ ದ್ರಾಕ್ಷಿ ಚಪ್ಪರದ ಕೆಳಗೆ ಅವನು ಕುರ್ಚಿ ಹಾಕಿಕೊಂಡು ಕೂತ. ಎದುರಿಗೆ ಇನ್ನೊಂದು ಕುರ್ಚಿ ಇಟ್ಟ. ಬಾ ಅನ್ನಲಿಲ್ಲ, ನಾನೇ ಹೋಗಿ ಕೂತೆ. ಎಡಗೈಯಲ್ಲಿ ಫ್ಲಾಸ್ಕ್ ಎತ್ತಿದ. ನೀರು ಮೊದಲು ಮೇಜಿಗೆ ಹೋಯಿತು, ಆಮೇಲೆ ನಾಯಿಯ ಹತ್ತಿರ ಹೋಯಿತು, ನಾಯಿ ಪೊರೊತಾಳ ಮನೆಗೆ ಹೋಯಿತು. ಕೊನೆಗೆ ಬುರುಡೆಗೂ ಸ್ವಲ್ಪ ಬಿತ್ತು. ಮೊದಲನೆಯದನ್ನು ವಾಡಿಕೆಯಂತೆ ತಾನೇ ಕುಡಿದ. ಎರಡನೆಯದನ್ನು ತುಂಬಿ ನನ್ನ ಕಡೆ ಚಾಚಿದವನು ಅರ್ಧಕ್ಕೇ ನಿಲ್ಲಿಸಿಬಿಟ್ಟ. ಎಡಗೈಯಲ್ಲಿ ಕೊಟ್ಟರೆ ಅವಮಾನ ಮಾಡಿದ ಹಾಗೆ ಅಂತ ಬೆಳೆಸಿದ ಅಪ್ಪನ ಮಗ ಅವನು. ಬುರುಡೆ ನಮ್ಮಿಬ್ಬರ ನಡುವೆ ಗಾಳಿಯಲ್ಲೇ ನಿಂತಿತ್ತು.

"ಎಡಗೈ. ತಪ್ಪು ತಿಳೀಬೇಡ" ಅಂದ, ನನ್ನ ಮುಖ ನೋಡದೆ.

"ಹೃದಯ ಇರೋ ಕಡೆ ಕೈ ಅಲ್ವಾ, ಕೊಡು" ಅಂದೆ.

ಎಲ್ಲರೂ ಆಡುವ ಮಾತೇ ಅದು, ಹೊಸದೇನಲ್ಲ. ಆದರೆ ನಿನ್ನೆ ಅದನ್ನು ಹೇಳಿ ಎರಡೂ ಕೈ ಚಾಚಿ ಬುರುಡೆ ಇಸಿದುಕೊಂಡೆ. ಕುಡಿದೆ. ಉಗುರು ಬೆಚ್ಚಗಿತ್ತು, ಕೊಳವೆಯ ತುಂಬ ಎಲೆಯ ಚೂರು. "ಹೆಂಗಿದೆ?" ಅಂದ. "ದರಿದ್ರವಾಗಿದೆ" ಅಂದೆ. "ನಿನ್ನ ಕಲಗಚ್ಚಿಗಿಂತ ವಾಸಿ" ಅಂದು ನಕ್ಕ. ಸೂರ್ಯ ಇಳಿಯುವವರೆಗೂ ಕೂತು ಕುಡಿದೆವು. ಕೊನೆಕೊನೆಗೆ ಅರ್ಧಕ್ಕರ್ಧ ನೀರು ಬುರುಡೆಯೊಳಗೇ ಬೀಳುತ್ತಿತ್ತು.

ಇವತ್ತು ಬೆಳಿಗ್ಗೆ ಪೆಟ್ಟಿಗೆ ನೋಡಿದೆ. ನೀಲಿ ಚಡ್ಡಿ ಇಟ್ಟಲ್ಲೇ ಇತ್ತು. ಅದರ ಮೇಲೆ ನಾನು ಮರೆತಿದ್ದ ಅವನ ಓದುವ ಕನ್ನಡಕವೂ ಇತ್ತು. ಬರುತ್ತೇನೆ ಅಂತ ಇನ್ನೂ ಬಾಯಿಬಿಟ್ಟು ಹೇಳಿಲ್ಲ. "ಅಷ್ಟು ಭಾರದ ಪೆಟ್ಟಿಗೆ ನೀನೊಬ್ಳೇ ಬಸ್ಸಿಗೆ ಹೆಂಗೆ ಹತ್ತಿಸ್ತೀಯ?" ಅಂತ ಮಾತ್ರ ಕೇಳಿದ. ಆಮೇಲೆ, "ಡೇರೆ ವಿಷಯ ಸುಲೆಮಾಗೆ ಬರೆದ್ಯಾ?" ಅಂದ. ಅದಕ್ಕೇ ತೊಟ್ಟಿಯ ಪಾತ್ರೆ ಹಾಗೇ ಬಿಟ್ಟು ಈ ಕಾಗದಕ್ಕೆ ಕೂತೆ. ಚರ್ಮದ ಚೀಲ ಇನ್ನೂ ಮೊಳೆಯಲ್ಲೇ ಇದೆ. ಅದನ್ನು ಅವನು ಇಳಿಸಿದರೆ ಬಂದಂತೆ, ಇಲ್ಲದಿದ್ದರೆ ಬರೀ ನನ್ನ ಪೆಟ್ಟಿಗೆ ಹೊರಲು ಬಂದಂತೆ. ಇಳಿಸುತ್ತಾನೆ ಅಂತ ನನ್ನ ಮನಸ್ಸು ಹೇಳುತ್ತಿದೆ.

ಹದಿನಾರನೆಯ ತಾರೀಖು ಬೆಳಗಿನ ಬಸ್ಸಿಗೆ ಹೊರಡುತ್ತೇವೆ. ಡೇರೆಯವನಿಗೆ ಹೇಳಿಬಿಡು, ಪಕ್ಕದ್ದು ನಮ್ಮದೇ. ಸೀಬೆಯಂಥ ಆ ಹುಳಿಹಣ್ಣಿನ ಹಲ್ವ ತುಂಬಿದ ಕಡುಬು ತರುತ್ತೇನೆ, ನೀನು ಮಾಡಬೇಡ. ಮಡಚುವ ಕುರ್ಚಿಗಳು ನಿಮ್ಮ ಕಾರಿನಲ್ಲಿ ಬರಲಿ. ಲುಹಾನಿನ ದೇವಮಾತೆ ನಿನ್ನ ಮೊಣಕಾಲಿಗೂ ನಿಕಾನೊರನ ರಕ್ತದೊತ್ತಡಕ್ಕೂ ಕೃಪೆ ತೋರಲಿ, ದಾರಿಯಲ್ಲಿ ನಿಮ್ಮನ್ನು ಕಾಯಲಿ. ನಿನ್ನನ್ನು ತಬ್ಬಿಕೊಂಡು ತಿಂಗಳುಗಳೇ ಆದವು, ಬೇಗ ಸಿಗು.

ನಿನ್ನ
ನೀಲ್ದಾ

ತಾ. ಕ.: ಕಾಗದ ಮಡಚಿ ಮತ್ತೆ ಬಿಚ್ಚಿದ್ದೇನೆ. ಇದನ್ನು ಬರೆಯದೆ ಕಳಿಸಿದರೆ ಮೇಲೆ ಬರೆದದ್ದಕ್ಕೆಲ್ಲ ಅರ್ಥವಿಲ್ಲ. ಅನ್ಸೆಲ್ಮೊಗೆ ಗೊತ್ತಾಗುವುದು ಬೇಡ. ಅಕ್ಟೋಬರಿನಲ್ಲಿ ನೀವಿಬ್ಬರೂ ತಾಂದಿಲಿನಿಂದ ಅಷ್ಟು ದೂರ ಅವನನ್ನು ನೋಡಲು ಬಂದಿರಲ್ಲ, ಆಸ್ಪತ್ರೆಯಿಂದ ಬಂದ ಮೇಲೆ ಅವನು ಯೆರ್ಬಾ ಬಗ್ಗಿಸಲು ಕೂತದ್ದು ಅವತ್ತೇ ಮೊದಲು. ನೀವು ಬರುತ್ತೀರಿ ಅಂತ ಬೆಳಿಗ್ಗೆಯಿಂದ ಅದನ್ನೇ ಎದುರು ನೋಡುತ್ತಿದ್ದ. ಬಲಗೈ ನಡುಗಿ ಮೇಜಿನ ಬಟ್ಟೆಯ ಮೇಲೆ ನೀರು ಚೆಲ್ಲಿತು. ಆಗ ನಿಕಾನೊರ ಎದ್ದು, "ಬಿಡೋ, ನಾನು ಬಗ್ಗಿಸ್ತೀನಿ, ನೀನು ಆರಾಮಾಗಿ ಕೂತ್ಕೋ" ಅಂತ ಅವನ ಕೈಯಿಂದ ಕೆಟಲ್ ತೆಗೆದುಕೊಂಡ. ಪ್ರೀತಿಯಿಂದಲೇ ಮಾಡಿದ, ಅನ್ಸೆಲ್ಮೊಗೂ ಅದು ಗೊತ್ತು. ಅದಕ್ಕೇ ಸಿಟ್ಟು ಮಾಡಿಕೊಳ್ಳಲೂ ಆಗಲಿಲ್ಲ ಅವನಿಗೆ. ನಕ್ಕು, ಕೈಯನ್ನು ಮೇಜಿನ ಕೆಳಗೆ ಇಟ್ಟುಕೊಂಡ. ನೀವು ಹೋದ ಮೇಲೂ ಆ ಒದ್ದೆ ಬಟ್ಟೆಯ ಮುಂದೆ ಹಾಗೇ ಕೂತಿದ್ದ. ಅವತ್ತು ಮೇಜಿನ ಕೆಳಗೆ ಹೋದ ಕೈ ಮತ್ತೆ ಯಾರ ಎದುರಿಗೂ ಬರಲಿಲ್ಲ.

ನಿಕಾನೊರನಿಗೆ ನೀನೇ ನಿನ್ನ ಮಾತಿನಲ್ಲಿ ಹೇಳು, ಅವನು ನೊಂದುಕೊಳ್ಳದ ಹಾಗೆ. ಮಿರಾಮಾರಿನಲ್ಲಿ ಅನ್ಸೆಲ್ಮೊ ಎಡಗೈಯಲ್ಲಿ ಬಗ್ಗಿಸುವಾಗ ನೀರು ಮರಳಿಗೆ ಬೀಳುತ್ತದೆ, ನಿಕಾನೊರನ ಪಾದದ ಮೇಲೂ ಬೀಳಬಹುದು. ಬಿದ್ದರೆ ಅವನು ಹಾರಿ ಕುಣಿಯಲಿ, ಬಾಯಿಗೆ ಬಂದದ್ದು ಬೈಯಲಿ. ಫ್ಲಾಸ್ಕಿಗೆ ಮಾತ್ರ ಕೈ ಹಾಕುವುದು ಬೇಡ. ಎಷ್ಟು ಹೊತ್ತಾದರೂ ಸರಿ, ತನ್ನ ಸರದಿ ಬರುವವರೆಗೆ ಕೂತು ಕಾಯಲಿ.